ಕಬ್ಬಿನ ನಾಡಿನ ತೂಕದ ಲೆಕ್ಕ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಕೃಷ್ಣೆಯೂ ದೂಧಗಂಗೆ, ವೇದಗಂಗೆಗಳೂ ಹರಿಯುವ ಈ ಸೀಮೆಯ ಮುಖ್ಯ ಬೆಳೆ ಕಬ್ಬು. ದೀಪಾವಳಿಯ ಹಣತೆಗಳು ಆರುತ್ತಿದ್ದಂತೆಯೇ ಇಲ್ಲಿ ಹಂಗಾಮು ಕಾವೇರುತ್ತದೆ. 1939ರಲ್ಲಿ ಸ್ಥಾಪನೆಗೊಂಡ ಉಗಾರದ ಸಕ್ಕರೆ ಕಾರ್ಖಾನೆ ಮೊದಲ್ಗೊಂಡು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಮುಂತಾದ ಸಹಕಾರಿ ಕಾರ್ಖಾನೆಗಳವರೆಗೆ ಎಲ್ಲ ಕಡೆಗೂ ಕಬ್ಬು ತುಂಬಿದ ಗಾಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟುತ್ತವೆ. ಅವೆಲ್ಲವೂ ಮೊದಲು ಏರಬೇಕಾದದ್ದು ಕಾಟಾ, ಅಂದರೆ ತೂಕದ ಕಟ್ಟೆ. ಈ ನಾಡಿನ ರೈತನಿಗೆ ಕಾಟಾದಷ್ಟು ಕುತೂಹಲದ, ಕಾಟಾದಷ್ಟು ಸಂಶಯದ ವಸ್ತು ಮತ್ತೊಂದಿಲ್ಲ.

ಕಡಿದ ಕಬ್ಬು ಹೊಲದಲ್ಲಿಯೋ ದಾರಿಯಲ್ಲಿಯೋ ಎರಡು ಮೂರು ದಿನ ಬಿಸಿಲಿಗೆ ಬಿದ್ದಿದ್ದರೆ ಏನಾಗುತ್ತದೆ ಎಂಬುದನ್ನು ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಜಲ್ಲೆಯೂ ಕಳುವಾಗಿರುವುದಿಲ್ಲ. ಆದರೂ ತೂಕ ಇಳಿದಿರುತ್ತದೆ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರು. ಆ ನೀರು ಆರಿದಷ್ಟೂ ಗಾಡಿ ಹಗುರ. ಹೀಗೆ ತೂಕ ಇಳಿಯಿತೆಂದು ಯಾವ ರೈತನೂ ಸಂತೋಷಪಡುವುದಿಲ್ಲ. ಇಳಿದದ್ದು ಏನು, ಅದು ಎಲ್ಲಿಗೆ ಹೋಯಿತು, ಉಳಿದದ್ದು ಏನು ಎಂಬ ಮೂರು ಪ್ರಶ್ನೆಗಳನ್ನು ಅವನು ಕಾಟಾದ ಮುಂದೆ ನಿಂತು ತನಗೆ ತಾನೇ ಕೇಳಿಕೊಳ್ಳುತ್ತಾನೆ.

ಅದೇ ರೈತ ಪೇಟೆಯ ಔಷಧದ ಅಂಗಡಿಯ ಮುಂದಿರುವ ತೂಕದ ಯಂತ್ರದ ಮೇಲೆ ತಾನೇ ಹತ್ತಿ ನಿಂತಾಗ ಮಾತ್ರ ಈ ಮೂರು ಪ್ರಶ್ನೆಗಳನ್ನು ಮರೆತುಬಿಡುತ್ತಾನೆ. ವೈದ್ಯರು ತೂಕ ಇಳಿಸಬೇಕೆಂದಿದ್ದಾರೆ. ಅವನು ಒಂದು ವಾರ ರಾತ್ರಿಯ ಊಟ ಬಿಟ್ಟಿದ್ದಾನೆ. ಮುಳ್ಳು ಎರಡು ಕಿಲೋ ಹಿಂದೆ ಸರಿದಿದೆ. ಅವನ ಹಿಗ್ಗಿಗೆ ಪಾರವಿಲ್ಲ. ಮುಂದಿನ ವಾರ ಮುಳ್ಳು ಅಲ್ಲಿಯೇ ನಿಲ್ಲುತ್ತದೆ. ಅದರ ಮುಂದಿನ ವಾರ, ಒಂದು ಮದುವೆಯ ಊಟವಾದ ಮೇಲೆ, ಮೊದಲಿನ ಸ್ಥಾನಕ್ಕೇ ಬರುತ್ತದೆ. ಆಗ ಅವನು ದೇಹವನ್ನೂ ವೈದ್ಯರನ್ನೂ ಒಟ್ಟಿಗೆ ಬೈಯುತ್ತಾನೆ. ಕಡಿದ ಕಬ್ಬಿನ ಲೆಕ್ಕವನ್ನು ಇಷ್ಟು ಚೆನ್ನಾಗಿ ಬಲ್ಲವನು ತನ್ನ ಮೈಯ ಲೆಕ್ಕದಲ್ಲಿ ಎಡವುವುದು ವಿಚಿತ್ರವೇ ಸರಿ. ಉಣ್ಣುವುದನ್ನು ಕಡಿಮೆ ಮಾಡಿದಾಗ ದೇಹವು ಮೊದಲು ತೆಗೆದು ಖರ್ಚು ಮಾಡುವುದು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಇಟ್ಟುಕೊಂಡಿರುವ ಗ್ಲೈಕೋಜನ್ ಎಂಬ ಪಿಷ್ಟವನ್ನು. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಂ ನೀರು ಕೂಡಿಕೊಂಡಿರುತ್ತದೆ. ಪಿಷ್ಟ ಕರಗಿದಾಗ ಆ ನೀರೂ ಹೊರಟುಹೋಗುತ್ತದೆ. ಮೊದಲ ವಾರದ ಎರಡು ಕಿಲೋಗಳಲ್ಲಿ ಬಹುಪಾಲು ಇಂಥ ನೀರೇ. ಹೊಟ್ಟೆ ತುಂಬ ಉಂಡೊಡನೆ ಅದು ಹಿಂದಿರುಗಿ ಬರುತ್ತದೆ.

ಬೆಲ್ಲದ ಗಾಣದಲ್ಲಿ ಒಲೆಯ ಮುಂದೆ ನಿಂತು ದುಡಿಯುವವನೂ ಹೀಗೆಯೇ. ಕುದಿಯುವ ಕಬ್ಬಿನ ಹಾಲಿನ ಕೊಪ್ಪರಿಗೆಯ ಬಳಿ ಅರ್ಧ ದಿನ ಕಳೆದರೆ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತದೆ, ತೂಕವೂ ಇಳಿಯುತ್ತದೆ. ಎರಡು ಚೆಂಬು ನೀರು ಕುಡಿದರೆ ಇಳಿದದ್ದು ಏರುತ್ತದೆ. ಬೆವರಿನಲ್ಲಿ ಕೊಬ್ಬು ಹರಿದುಹೋಗುತ್ತದೆಂಬ ನಂಬಿಕೆಯಿಂದ ಬೇಸಿಗೆಯಲ್ಲಿಯೂ ದಪ್ಪ ಬಟ್ಟೆ ತೊಟ್ಟು ಓಡುವವರಿದ್ದಾರೆ. ಅವರಿಗೆ ದೊರೆಯುವುದು ಬಾಯಾರಿಕೆ ಮಾತ್ರ.

ಹಾಗಾದರೆ ಕೊಬ್ಬು ನಿಜವಾಗಿ ಕರಗುವುದು ಹೇಗೆ? ಇದಕ್ಕೆ ಉತ್ತರವನ್ನು ಸಕ್ಕರೆ ಕಾರ್ಖಾನೆಯ ಒಳಗೇ ಕಾಣಬಹುದು. ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಕಾರ್ಖಾನೆಯವರು ಎಸೆಯುವುದಿಲ್ಲ. ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಆ ಉರಿಯಿಂದ ಹುಟ್ಟಿದ ಹಬೆಯೇ ಕಾರ್ಖಾನೆಯ ಯಂತ್ರಗಳನ್ನು ತಿರುಗಿಸುತ್ತದೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಸಕ್ಕರೆ ದೊರೆತರೆ 300 ಕಿಲೋದಷ್ಟು ಸಿಪ್ಪೆ ಉಳಿಯುತ್ತದೆ. ಬೆಟ್ಟದಂತೆ ಒಟ್ಟಿದ ಆ ಸಿಪ್ಪೆ ಉರಿದ ಬಳಿಕ ಉಳಿಯುವ ಬೂದಿ ಎಷ್ಟು? ಕೆಲವು ಬುಟ್ಟಿ. ಮಿಕ್ಕ ತೂಕವೆಲ್ಲ ಎಲ್ಲಿಗೆ ಹೋಯಿತು? ಬೆಂಕಿ ಅದನ್ನು ನುಂಗಿತು ಎನ್ನುವುದು ಮಾತಿನ ಅಲಂಕಾರ. ಅದು ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೂ ನೀರಿನ ಆವಿಯಾಗಿಯೂ ಎತ್ತರದ ಹೊಗೆಕೊಳವೆಯಿಂದ ಆಕಾಶಕ್ಕೆ ಏರಿತು.

ಮನುಷ್ಯನ ದೇಹದಲ್ಲಿ ನಡೆಯುವುದೂ ಬೆಂಕಿಯಿಲ್ಲದ ಇಂಥದೇ ಒಂದು ಉರಿ. ಇದನ್ನು ಮೊದಲು ಅಳೆದು ತೋರಿಸಿದವನು ಫ್ರಾನ್ಸಿನ ಲವಾಸಿಯೆ. 1782–83ರ ಚಳಿಗಾಲದಲ್ಲಿ ಅವನು ತನ್ನ ಗೆಳೆಯ ಲಾಪ್ಲಾಸನೊಡನೆ ಸೇರಿ ಒಂದು ಗಿನಿ ಇಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಇರಿಸಿದ. ಇಲಿಯ ಮೈಯ ಕಾವಿಗೆ ಎಷ್ಟು ಮಂಜು ಕರಗಿತು, ಅದು ಎಷ್ಟು ಅನಿಲವನ್ನು ಉಸಿರಿನಲ್ಲಿ ಹೊರಬಿಟ್ಟಿತು ಎಂಬುದನ್ನು ಅಳೆದು, ಇದ್ದಿಲು ಉರಿದಾಗ ದೊರೆಯುವ ಅಳತೆಗಳೊಡನೆ ಹೋಲಿಸಿದ. ಉಸಿರಾಟವೆಂದರೆ ನಿಧಾನವಾದ ದಹನ ಎಂಬ ತೀರ್ಮಾನಕ್ಕೆ ಬಂದ. ಅವನ ನಂತರ ಸುಮಾರು ನೂರು ವರ್ಷಗಳಾದ ಮೇಲೆ, 1890ರ ದಶಕದಲ್ಲಿ, ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ಮನುಷ್ಯನನ್ನೇ ಒಂದು ಮುಚ್ಚಿದ ಕೋಣೆಯಲ್ಲಿ ದಿನಗಟ್ಟಲೆ ಇರಿಸಿ, ಅವನು ಉಂಡದ್ದು, ಉಸಿರಾಡಿದ್ದು, ಹೊರಹಾಕಿದ್ದು, ಮೈಯಿಂದ ಹೊರಬಿದ್ದ ಕಾವು ಎಲ್ಲವನ್ನೂ ಅಳೆದ. ಒಳಹೋದ ಶಕ್ತಿಯ ಲೆಕ್ಕವೂ ಹೊರಬಂದ ಶಕ್ತಿಯ ಲೆಕ್ಕವೂ ಸರಿಹೊಂದಿದವು. ಪ್ರಕೃತಿಯ ಈ ಜಮಾಖರ್ಚಿನಿಂದ ಮನುಷ್ಯನಿಗೆ ವಿನಾಯಿತಿ ಇಲ್ಲವೆಂಬುದು ಹೀಗೆ ಸಿದ್ಧವಾಯಿತು.

ಈ ಜಮಾಖರ್ಚಿನ ನಾಣ್ಯವೇ ಕ್ಯಾಲರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖಕ್ಕೆ ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲರಿ ಎನ್ನುತ್ತಾರೆ. ಶಾಸ್ತ್ರಗ್ರಂಥಗಳಲ್ಲಿ ಇದೇ ಕಿಲೋಕ್ಯಾಲರಿ. ಪಿಷ್ಟ, ಸಕ್ಕರೆ, ಪ್ರೋಟೀನುಗಳು ಗ್ರಾಮಿಗೆ ಸುಮಾರು 4 ಕ್ಯಾಲರಿ ಕೊಟ್ಟರೆ ಎಣ್ಣೆ, ಬೆಣ್ಣೆ, ತುಪ್ಪಗಳ ಕೊಬ್ಬು 9 ಕ್ಯಾಲರಿ ಕೊಡುತ್ತದೆ. 60 ಗ್ರಾಂ ಹಿಟ್ಟಿನಲ್ಲಿ ಬಡಿದ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 200 ಕ್ಯಾಲರಿ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪಟ್ಟಿಯಂತೆ, 65 ಕಿಲೋ ತೂಕದ, ಹೆಚ್ಚಾಗಿ ಕುಳಿತೇ ಕೆಲಸ ಮಾಡುವ ಪುರುಷನಿಗೆ ದಿನಕ್ಕೆ ಬೇಕಾದದ್ದು 2110 ಕ್ಯಾಲರಿ. ಬಚ್ಚಲುಮನೆಯ ಹಂಡೆಯಲ್ಲಿ 20 ಡಿಗ್ರಿಯ ತಣ್ಣೀರು 26 ಲೀಟರಿನಷ್ಟು ತುಂಬಿ ಅದನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವಷ್ಟು ಶಾಖ ಇದು. ದಿನವೆಲ್ಲ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುವ ಗುಮಾಸ್ತನ ಮೈಯೊಳಗೂ ಇಷ್ಟು ದೊಡ್ಡ ಒಲೆ ಉರಿಯುತ್ತಿರುತ್ತದೆ ಎಂದರೆ ಸೋಜಿಗವಲ್ಲವೇ? ಇದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹೃದಯ ಬಡಿಯಲು, ಮೆದುಳು ಎಚ್ಚರವಿರಲು, ಯಕೃತ್ತು, ಮೂತ್ರಪಿಂಡಗಳು ಕೆಲಸ ಮಾಡಲು, ಮೈ ಬೆಚ್ಚಗಿರಲು ಖರ್ಚಾಗುತ್ತದೆ. ಮಲಗಿ ನಿದ್ರಿಸುವವನ ಒಲೆಯೂ ಆರಿರುವುದಿಲ್ಲ.

ಉಂಡದ್ದು ಖರ್ಚಿಗಿಂತ ಹೆಚ್ಚಾದರೆ ದೇಹವು ಮಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡುತ್ತದೆ. ಖರ್ಚು ಹೆಚ್ಚಾದರೆ ಕೂಡಿಟ್ಟದ್ದನ್ನು ತೆಗೆದು ಉರಿಸುತ್ತದೆ. ಉರಿದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ವೈದ್ಯರಿಗೂ ಪಥ್ಯಶಾಸ್ತ್ರಜ್ಞರಿಗೂ ವ್ಯಾಯಾಮ ಶಿಕ್ಷಕರಿಗೂ ಕೇಳಿದಾಗ ಹೆಚ್ಚಿನವರು, ಅದು ಶಕ್ತಿಯಾಗಿ ಬದಲಾಗಿ ಮಾಯವಾಗುತ್ತದೆ ಎಂದರಂತೆ. ವಸ್ತು ಹಾಗೆ ಮಾಯವಾಗುವುದಿಲ್ಲ. ಅದೇ ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೋ ಕೊಬ್ಬು ಪೂರ್ತಿಯಾಗಿ ಉರಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಕರಗಿದ ಬೊಜ್ಜು ಹೋಗುವುದು ಹೆಚ್ಚಾಗಿ ಮೂಗಿನಿಂದ! ಕಾರ್ಖಾನೆಗೆ ಹೊಗೆಕೊಳವೆ ಹೇಗೋ ಮನುಷ್ಯನಿಗೆ ಶ್ವಾಸಕೋಶ ಹಾಗೆ. ಆ ಉಸಿರನ್ನೇ ಮುಂದೆ ಯಾವುದೋ ಹೊಲದ ಕಬ್ಬು ತನ್ನ ಎಲೆಗಳಲ್ಲಿ ಹೀರಿ, ಬಿಸಿಲಿನ ನೆರವಿನಿಂದ ಮತ್ತೆ ಸಕ್ಕರೆಯಾಗಿ ಕಟ್ಟುತ್ತದೆ. ಆದರೆ ಇದನ್ನು ಕೇಳಿ ಕುಳಿತಲ್ಲಿಯೇ ರಭಸದಿಂದ ಉಸಿರುಬಿಟ್ಟರೆ ತೂಕ ಇಳಿಯುವುದಿಲ್ಲ; ತಲೆ ತಿರುಗುತ್ತದೆ, ಅಷ್ಟೇ. ಬಾಯ್ಲರಿಗೆ ಸಿಪ್ಪೆ ಹಾಕದೆ ಬರಿಯ ತಿದಿ ಒತ್ತಿದರೆ ಬೆಂಕಿ ಹೆಚ್ಚುವುದೆಂತು?

ಐವತ್ತು ಅರವತ್ತು ವರ್ಷಗಳ ಹಿಂದೆ ಈ ಸೀಮೆಯ ಒಕ್ಕಲಿಗನ ದಿನಚರಿ ಹೇಗಿತ್ತು? ಬೆಳಕು ಹರಿಯುವ ಮೊದಲೇ ಎತ್ತು ಹೂಡುವುದು, ಬಾವಿಯಿಂದ ನೀರೆತ್ತುವುದು, ಕುಂಟೆ ಹೊಡೆಯುವುದು, ಕಣ ಮಾಡುವುದು, ಸಂತೆಗೆ ನಡೆದೇ ಹೋಗುವುದು. ಮನೆಯಲ್ಲಿ ಹೆಂಗಸರು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತ ಜೋಳ ಬೀಸುತ್ತಿದ್ದರು. ಹೊಳೆಯಿಂದಲೋ ಬಾವಿಯಿಂದಲೋ ಕೊಡ ಹೊತ್ತು ತರುತ್ತಿದ್ದರು. ಪಂಪ್‌ಸೆಟ್ಟು ಬಂದಿತು, ಟ್ರ್ಯಾಕ್ಟರು ಬಂದಿತು, ಹಿಟ್ಟಿನ ಗಿರಣಿ ಬಂದಿತು, ನಳ ಬಂದಿತು, ಹೊಲದ ಬದುವಿನವರೆಗೂ ಮೋಟಾರ್ ಸೈಕಲ್ಲು ಬಂದಿತು. ಇವು ಬಂದದ್ದು ಒಳ್ಳೆಯದೇ. ಬೀಸುವ ಕಲ್ಲಿನ ಹಾಡನ್ನು ಮೆಚ್ಚಿ ಬರೆಯುವವರು ಅದನ್ನು ಬೀಸಿದವರ ರಟ್ಟೆಯ ನೋವನ್ನು ಬರೆದದ್ದು ಕಡಿಮೆ. ಆದರೆ ರಟ್ಟೆಗೆ ಬಿಡುವು ದೊರೆತದ್ದು ನಾಲಿಗೆಗೆ ತಿಳಿಯಲಿಲ್ಲ. ಪೋಷಣ ಸಂಸ್ಥೆಯ ಅದೇ ಪಟ್ಟಿಯಲ್ಲಿ ಮೈಮುರಿದು ದುಡಿಯುವ ಪುರುಷನಿಗೆ 3470 ಕ್ಯಾಲರಿ ಬೇಕೆಂದಿದೆ. ಕುಳಿತು ಕೆಲಸ ಮಾಡುವವನಿಗಿಂತ ಇದು 1360ರಷ್ಟು ಹೆಚ್ಚು. ಆರೇಳು ರೊಟ್ಟಿಗಳಿಗೆ ಸಮ. ಅಜ್ಜನ ಬುತ್ತಿಯನ್ನು ಮೊಮ್ಮಗ ಹಾಗೆಯೇ ಉಣ್ಣುತ್ತಿದ್ದಾನೆ. ಅಜ್ಜನ ನೇಗಿಲನ್ನು ಮಾತ್ರ ಟ್ರ್ಯಾಕ್ಟರು ಹೂಡುತ್ತಿದೆ. ಅದರ ಮೇಲೆ ದಿನಕ್ಕೆ ನಾಲ್ಕಾರು ಸಲ ಸಕ್ಕರೆ ತುಂಬಿದ ಚಹ, ಬಸ್ ನಿಲ್ದಾಣದ ಭಜಿ, ಹಬ್ಬವಿಲ್ಲದ ದಿನವೂ ಸಿಗುವ ಸಿಹಿ. ಭಾರತದಲ್ಲಿ 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ಅಂದಾಜು ಮಾಡಿತು. ಸಕ್ಕರೆ ಬೆಳೆಯುವ ನಾಡಿಗೆ ಈ ಕಾಯಿಲೆಯ ಹೆಸರು ಕೇಳಿ ನಗುವಂತೆಯೂ ಇಲ್ಲ, ಅಳುವಂತೆಯೂ ಇಲ್ಲ.

ಗರಡಿಯ ಪೈಲ್ವಾನರ ಮಾತನ್ನು ಇಲ್ಲಿ ನೆನೆಯಬಹುದು. ಕೊಲ್ಲಾಪುರದ ಶಾಹೂ ಮಹಾರಾಜರ ಕಾಲದಿಂದ ಆ ನಗರ ಕುಸ್ತಿಗೆ ಹೆಸರಾಯಿತು. ನೆರೆಯ ಈ ತಾಲೂಕುಗಳ ಊರೂರುಗಳಲ್ಲಿಯೂ ತಾಲೀಮುಗಳು ಹುಟ್ಟಿದವು. ನಸುಕಿನಲ್ಲಿಯೇ ಎದ್ದು ನೂರಾರು ಬೈಠಕ್ ಹೊಡೆಯುವ ಹುಡುಗನಿಗೆ ಹಾಲು, ತುಪ್ಪ, ಬಾದಾಮಿಗಳು ಬೇಕೇ ಬೇಕು. ಅವನು ಅವನ್ನು ಅರಗಿಸಿಕೊಂಡು ಸ್ನಾಯು ಕಟ್ಟುತ್ತಾನೆ. ಮೂವತ್ತು ದಾಟಿದ ಮೇಲೆ ಅಖಾಡದ ಮಣ್ಣು ದೂರವಾಗುತ್ತದೆ, ತುಪ್ಪದ ಗಿಂಡಿ ದೂರವಾಗುವುದಿಲ್ಲ. ಎದೆಯಲ್ಲಿದ್ದದ್ದು ಹೊಟ್ಟೆಗೆ ಇಳಿಯಿತೆಂದು ಊರವರು ನಗೆಯಾಡುತ್ತಾರೆ. ವಾಸ್ತವವಾಗಿ ಸ್ನಾಯು ಕೊಬ್ಬಾಗಿ ಮಾರ್ಪಡುವುದಿಲ್ಲ. ಒಂದು ಕ್ಷೀಣಿಸಿತು, ಇನ್ನೊಂದು ಬೇರೆಯಾಗಿಯೇ ಬೆಳೆಯಿತು.

ಇನ್ನು ಇಳಿಸುವ ಲೆಕ್ಕ. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7700 ಕ್ಯಾಲರಿ ಅಡಗಿದೆ. ಆದ್ದರಿಂದ ದಿನಕ್ಕೆ ಒಂದು ರೊಟ್ಟಿ ಬಿಟ್ಟರೆ ವರ್ಷಕ್ಕೆ 73,000 ಕ್ಯಾಲರಿ ಉಳಿದು ಒಂಬತ್ತೂವರೆ ಕಿಲೋ ಇಳಿಯಬೇಕು ಎಂದು ಪುಸ್ತಕಗಳು ಬಹಳ ಕಾಲ ಹೇಳುತ್ತ ಬಂದವು. ಈ ಲೆಕ್ಕವನ್ನು ಮುಂದುವರಿಸಿದರೆ ಏನಾಗುತ್ತದೆ? ದಿನಕ್ಕೆ ಒಂದು ರೊಟ್ಟಿ ಹೆಚ್ಚಾಗಿ ಉಂಡವನು ಹತ್ತು ವರ್ಷಗಳಲ್ಲಿ 90 ಕಿಲೋಗೂ ಮಿಕ್ಕಿ ದಪ್ಪವಾಗಬೇಕು. ಒಂದು ರೊಟ್ಟಿ ಬಿಟ್ಟವನು ಅಷ್ಟರೊಳಗೆ ಗಾಳಿಯಲ್ಲಿ ಕರಗಿಹೋಗಬೇಕು. ಅಂಥವರನ್ನು ಅಥಣಿಯಲ್ಲಿಯೂ ಕಂಡವರಿಲ್ಲ, ಅಮೆರಿಕದಲ್ಲಿಯೂ ಕಂಡವರಿಲ್ಲ. ಗುಣಾಕಾರ ತಪ್ಪಲ್ಲ, ದೇಹವನ್ನು ಜಡವಾದ ಗೋದಾಮೆಂದು ಭಾವಿಸಿದ್ದು ತಪ್ಪು. ಮೈ ಹಗುರವಾದಂತೆ ಅದನ್ನು ಹೊತ್ತು ತಿರುಗುವ ಖರ್ಚೂ, ಬೆಚ್ಚಗಿರಿಸುವ ಖರ್ಚೂ ಇಳಿಯುತ್ತವೆ. ಕೊನೆಗೊಂದು ದಿನ ಕಡಿಮೆಯಾದ ಆದಾಯಕ್ಕೆ ಕಡಿಮೆಯಾದ ವೆಚ್ಚ ಸರಿಹೊಂದಿ ತೂಕ ನಿಂತುಬಿಡುತ್ತದೆ. 2011ರಲ್ಲಿ ಪ್ರಕಟವಾದ ಒಂದು ಗಣಿತದ ಅಧ್ಯಯನದಂತೆ, ದಿನದ ಊಟದಲ್ಲಿ ಸುಮಾರು 24 ಕ್ಯಾಲರಿಯ ಸ್ಥಿರವಾದ ಬದಲಾವಣೆ ಕೊನೆಗೆ ಒಂದು ಕಿಲೋ ತೂಕದ ಬದಲಾವಣೆಯನ್ನು ತರುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಬಹುಮಟ್ಟಿಗೆ ಎಲ್ಲವೂ ಮೂರು ವರ್ಷಗಳಲ್ಲಿ. ಹಾಗೆ ನೋಡಿದರೆ ಒಂದು ರೊಟ್ಟಿಯ ಬೆಲೆ ಸುಮಾರು ಎಂಟು ಕಿಲೋ, ಮೂರು ವರ್ಷಗಳ ಅವಧಿಗೆ. ವಾರದಲ್ಲಿ ಎರಡು ಕಿಲೋ ಇಳಿಸಿ ಹಿಗ್ಗಿದ ಆ ರೈತ, ಮೂರನೆಯ ವಾರ ನಿರಾಶನಾಗಿ ಬಿಟ್ಟುಕೊಟ್ಟದ್ದು ಮೂರು ವರ್ಷಗಳ ಬೆಳೆಯನ್ನು.

ಉಣ್ಣುವುದನ್ನು ಬಿಡದೆ, ನಡೆದು ಇಳಿಸುತ್ತೇನೆ ಎನ್ನುವವರಿದ್ದಾರೆ. 65 ಕಿಲೋ ತೂಕದ ಮನುಷ್ಯ ಒಂದು ಕಿಲೋಮೀಟರು ನಡೆದರೆ ಸುಮಾರು 50 ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ ಒಂದಷ್ಟು ಅವನು ಕುಳಿತಿದ್ದರೂ ಖರ್ಚಾಗುತ್ತಿದ್ದದ್ದೇ. ಒಂದು ರೊಟ್ಟಿಯ ಶಕ್ತಿಯಲ್ಲಿ ನಾಲ್ಕು ಕಿಲೋಮೀಟರು ನಡೆಯಬಹುದೆಂದರೆ ಪ್ರಕೃತಿ ಮನುಷ್ಯನನ್ನು ಎಷ್ಟು ಮಿತವ್ಯಯಿಯಾಗಿ ನಿರ್ಮಿಸಿದೆ! ಭರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆ ನಡೆದು ಹೋಗುವ ಭಕ್ತರು ಹಾದಿಯುದ್ದಕ್ಕೂ ಬುತ್ತಿ ಬಿಚ್ಚಿ, ಜಾತ್ರೆಯಲ್ಲಿ ಹೋಳಿಗೆಯ ನೈವೇದ್ಯ ಉಂಡು ಮನೆಗೆ ಮರಳಿದಾಗ ಅವರ ತೂಕ ಇಳಿದಿರದಿದ್ದರೆ ಅದು ದೇವಿಯ ಅವಕೃಪೆಯಲ್ಲ. ಆಫ್ರಿಕದ ತಾಂಜಾನಿಯದಲ್ಲಿ ಹಾಡ್ಜಾ ಎಂಬ ಬೇಟೆಗಾರ ಜನಾಂಗವಿದೆ. ದಿನವೂ ಮೈಲಿಗಟ್ಟಲೆ ನಡೆಯುವ ಅವರು ಪಟ್ಟಣಿಗರಿಗಿಂತ ಬಹಳ ಹೆಚ್ಚು ಶಕ್ತಿಯನ್ನು ಖರ್ಚು ಮಾಡುತ್ತಾರೆಂದು ಎಲ್ಲರೂ ಭಾವಿಸಿದ್ದರು. 2012ರಲ್ಲಿ ಪ್ರಕಟವಾದ ಅಳತೆಗಳು ಬೇರೆಯೇ ಮಾತು ಹೇಳಿದವು: ಮೈಗಾತ್ರವನ್ನು ಪರಿಗಣಿಸಿದರೆ ಅವರ ದಿನದ ಒಟ್ಟು ಖರ್ಚು ಪಟ್ಟಣಿಗರದಕ್ಕಿಂತ ಹೆಚ್ಚೇನೂ ಇರಲಿಲ್ಲ. ನಿತ್ಯ ದುಡಿಯುವ ದೇಹ ಬೇರೆ ಬಾಬುಗಳಲ್ಲಿ ಖರ್ಚು ಹಿಡಿಯುತ್ತದೆ ಎಂಬುದು ಇದಕ್ಕೆ ಕೆಲವರು ಕೊಡುವ ವಿವರಣೆ. ನಡಿಗೆ ವ್ಯರ್ಥವೆಂದು ಇದರ ಅರ್ಥವಲ್ಲ. ನಡೆಯುವವನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ, ಹೃದಯ ಬಲಗೊಳ್ಳುತ್ತದೆ, ಇಳಿದ ತೂಕ ಮತ್ತೆ ಏರದಂತೆ ಅದು ತಡೆಯುತ್ತದೆ. ಯಂತ್ರದ ಮುಳ್ಳು ಕದಲದಿದ್ದರೂ ಒಳಗೆ ಲಾಭ ಜಮೆಯಾಗುತ್ತಿರುತ್ತದೆ. ಆದರೆ ತೂಕ ಇಳಿಸುವ ಕೆಲಸದಲ್ಲಿ ಕಾಲಿಗಿಂತ ಕೈಯ ಪಾಲು ದೊಡ್ಡದು; ತಟ್ಟೆಯ ಕಡೆಗೆ ಚಾಚುವ ಕೈಯದು.

ದೇಹವು ಖರ್ಚು ಹಿಡಿಯುವ ಈ ಗುಣವನ್ನು ಅತ್ಯಂತ ಸ್ಪಷ್ಟವಾಗಿ ಕಂಡದ್ದು 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ. ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ನೆರವಾಗುವ ಉದ್ದೇಶದಿಂದ 36 ಮಂದಿ ಯುವಕರು ತಾವಾಗಿಯೇ ಅರೆಹೊಟ್ಟೆಯಲ್ಲಿರಲು ಒಪ್ಪಿದರು. ಆರು ತಿಂಗಳಲ್ಲಿ ಅವರ ತೂಕ ಸುಮಾರು ನಾಲ್ಕನೆಯ ಒಂದು ಪಾಲು ಇಳಿಯಿತು. ಅದರ ಜೊತೆಗೆ ನಾಡಿಬಡಿತ ನಿಧಾನವಾಯಿತು, ಬೇಸಿಗೆಯಲ್ಲಿಯೂ ಚಳಿಯಾಗತೊಡಗಿತು, ಮೆಟ್ಟಿಲೇರುವುದು ಪ್ರಯಾಸವಾಯಿತು. ಹಗಲಿರುಳು ಅನ್ನದ ಚಿಂತೆಯೊಂದೇ ಉಳಿಯಿತು. ಕೊಬ್ಬಿನೊಡನೆ ಸ್ನಾಯುವೂ ಉರಿದುಹೋಗಿತ್ತು. ಒಲೆಯಲ್ಲಿ ಕಟ್ಟಿಗೆ ತೀರಿದಾಗ ಮನೆಯ ತೊಲೆಯನ್ನೇ ಕಡಿದು ಇಟ್ಟಂತೆ.

ಆ ಯುವಕರು ಒಪ್ಪಿ ಹಸಿದವರು. ಅವರ ಸುತ್ತ ವೈದ್ಯರಿದ್ದರು. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಈ ಸೀಮೆಯವರು ಒಪ್ಪದೆಯೇ ಇಂಥ ಪರೀಕ್ಷೆಗೆ ಒಳಗಾದರು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಹಸಿದ ಜನ ಸರ್ಕಾರದ ಪರಿಹಾರ ಕಾಮಗಾರಿಗಳಿಗೆ ಬಂದು ಮಣ್ಣು ಹೊತ್ತರು, ಕಲ್ಲು ಒಡೆದರು. ವೈಸರಾಯ್ ಲಿಟ್ಟನ್ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಬೊಕ್ಕಸದ ವೆಚ್ಚವನ್ನು ತಗ್ಗಿಸಲೆಂದು 1877ರ ಆರಂಭದಲ್ಲಿ, ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಕೊಳ್ಳುವಷ್ಟು ಕೂಲಿ ಮತ್ತು ಮೇಲೆ ಅಲ್ಪ ಹಣ ಸಾಕೆಂದು ವಾದಿಸಿದ. ಚರಿತ್ರೆಯಲ್ಲಿ ಅದಕ್ಕೆ ಟೆಂಪಲ್ ಕೂಲಿ ಎಂದೇ ಹೆಸರು ನಿಂತಿದೆ. ಒಂದು ಪೌಂಡ್ ಎಂದರೆ 454 ಗ್ರಾಂ. ಜೋಳದಲ್ಲಿ ಎಣಿಸಿದರೆ ಸುಮಾರು 1500 ಕ್ಯಾಲರಿ. ಕುಳಿತು ಲೆಕ್ಕ ಬರೆಯುವವನಿಗೂ ಸಾಲದ ಅಷ್ಟು ಅನ್ನದಲ್ಲಿ ದಿನವೆಲ್ಲ ಕಲ್ಲು ಒಡೆಯಬೇಕಾಗಿತ್ತು. ಆ ಕಾಲದ ಕೂಲಿಯಾಳು ಇಂದಿನ ಪಟ್ಟಿಯ 65 ಕಿಲೋ ಪುರುಷನಿಗಿಂತ ಕೃಶನಾಗಿದ್ದನೆಂದು ರಿಯಾಯಿತಿ ಕೊಟ್ಟರೂ ಈ ಲೆಕ್ಕ ಕೂಡುವುದಿಲ್ಲ. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಕೂಲಿಗಳು ಕಾಮಗಾರಿಗಳನ್ನೇ ತೊರೆದು ಪ್ರತಿಭಟಿಸಿದರು; ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತಿತು. ಮದರಾಸಿನಲ್ಲಿ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಶ್, ಇಷ್ಟರಿಂದ ದುಡಿಯುವ ದೇಹ ಬಾಳಲಾರದೆಂದು ಬಲವಾಗಿ ವಿರೋಧಿಸಿದ. ಕ್ಯಾಲರಿಯ ಪಟ್ಟಿಗಳು ಆಗಿನ್ನೂ ಇರಲಿಲ್ಲ, ನಿಜ; ಆದರೆ ಕಣ್ಣುಗಳಿದ್ದವು. ಆ ಬರಗಾಲದಲ್ಲಿ ಸತ್ತವರ ಸಂಖ್ಯೆ 50 ಲಕ್ಷವನ್ನು ಮೀರಿತೆಂದು ಅಂದಾಜು.

ತೂಕ ಇಳಿಯಿತು ಎಂಬ ಒಂದೇ ಮಾತು ಒಬ್ಬನಿಗೆ ಔಷಧ, ಇನ್ನೊಬ್ಬನಿಗೆ ಮೃತ್ಯು. ಇಂದಿಗೂ ಈ ಐದು ತಾಲೂಕುಗಳಲ್ಲಿ ಎರಡೂ ಬಗೆಯವರು ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ. ನಿಪ್ಪಾಣಿಯ ಓಣಿಗಳಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರಿದ್ದಾರೆ; ಕೂಲಿಯನ್ನು ಸಾವಿರ ಬೀಡಿಗೆ ಇಷ್ಟೆಂದು ಎಣಿಸುತ್ತಾರೆ. ಕುಳಿತು ಮಾಡುವ ಆ ಕೆಲಸಕ್ಕೆ ಕ್ಯಾಲರಿಯ ಲೆಕ್ಕದಲ್ಲಿ ಹೆಚ್ಚಿನ ಖರ್ಚಿಲ್ಲ. ಬೆರಳುಗಳು ದಿನವೆಲ್ಲ ಓಡಿದರೂ ಮೈ ಕದಲುವುದಿಲ್ಲ. ಆದರೂ ಅವರಲ್ಲಿ ಅನೇಕರು ಸಣಕಲಾಗಿದ್ದರೆ ಅದು ವ್ಯಾಯಾಮದ ಫಲವಲ್ಲ.

ಹೈಸ್ಕೂಲಿನ ಹುಡುಗಿಯರಲ್ಲಿ ಕೆಲವರು ಸಿನಿಮಾ ತಾರೆಯರ ಚಿತ್ರ ನೋಡಿ ಬೆಳಗಿನ ಉಪಾಹಾರ ಬಿಡುತ್ತಾರೆ. ಪೋಷಣ ಸಂಸ್ಥೆಯ ಪಟ್ಟಿಯಲ್ಲಿ 13ರಿಂದ 15 ವರ್ಷದ ಬಾಲಿಕೆಗೆ ದಿನಕ್ಕೆ 2400 ಕ್ಯಾಲರಿ, ಅದೇ ವಯಸ್ಸಿನ ಬಾಲಕನಿಗೆ 2860 ಎಂದಿದೆ. ಮನೆಯಲ್ಲಿ ಕುಳಿತು ಕೆಲಸ ಮಾಡುವ ಅವಳ ತಾಯಿಗೆ ಬೇಕಾದದ್ದು 1660 ಮಾತ್ರ. ತಾಯಿಗಿಂತ ಮಗಳಿಗೆ ಹೆಚ್ಚು ರೊಟ್ಟಿ ಬೇಕೆಂಬುದನ್ನು ಎಷ್ಟು ಮನೆಗಳಲ್ಲಿ ಒಪ್ಪುತ್ತಾರೆ? ಆ ವಯಸ್ಸಿನಲ್ಲಿ ಎಲುಬು ಬೆಳೆಯುತ್ತಿರುತ್ತದೆ, ರಕ್ತ ಹೆಚ್ಚುತ್ತಿರುತ್ತದೆ. ಬೆಳೆಯುವ ಕಬ್ಬಿಗೆ ನೀರು ಕಡಿದರೆ ಅದು ತೆಳ್ಳಗಾಗುತ್ತದೆ ನಿಜ, ಆದರೆ ಗಣ್ಣುಗಳ ನಡುವಿನ ಅಂತರವೂ ಕುಗ್ಗುತ್ತದೆ. ಮುಂದೆ ಎಷ್ಟು ನೀರು ಹಾಯಿಸಿದರೂ ಆ ಗಣ್ಣು ಉದ್ದವಾಗದು.

ಹಂಗಾಮಿನಲ್ಲಿ ಹೊರಗಿನಿಂದ ಬರುವ ಕಬ್ಬು ಕಡಿಯುವವರ ಟೋಳಿಗಳು ಕಾರ್ಖಾನೆಯ ಸುತ್ತ, ಹೊಲಗಳ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಗಂಡಹೆಂಡಿರ ಜೋಡಿಗೆ ಒಂದು ಕೊಯ್ತಾ ಎಂದು ಲೆಕ್ಕ; ಕೂಲಿ ಟನ್ನಿಗೆ ಇಷ್ಟು. ಗಂಡ ಕಡಿಯುತ್ತಾನೆ; ಹೆಂಡತಿ ಸಿವುಡು ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆಯೇರಿ ಗಾಡಿ ತುಂಬುತ್ತಾಳೆ. ಹಾಗೆ ದುಡಿಯುವ ಹೆಂಗಸಿಗೆ ದಿನಕ್ಕೆ 2720 ಕ್ಯಾಲರಿ ಬೇಕೆಂದು ಪಟ್ಟಿ ಹೇಳುತ್ತದೆ. ಹದಿಮೂರು ಹದಿನಾಲ್ಕು ರೊಟ್ಟಿಯಷ್ಟು. ಇನ್ನೂ ಕತ್ತಲಿರುವಾಗಲೇ ಅವಳು ಮೂರು ಕಲ್ಲಿನ ಒಲೆ ಹೊತ್ತಿಸಿ ದಿನದ ರೊಟ್ಟಿಯನ್ನೆಲ್ಲ ಬಡಿದು ಮುಗಿಸುತ್ತಾಳೆ. ಗಂಡನಿಗೂ ಮಕ್ಕಳಿಗೂ ಬಡಿಸಿ, ಮಧ್ಯಾಹ್ನದ ಬುತ್ತಿ ಕಟ್ಟಿ, ಬುಟ್ಟಿಯಲ್ಲಿ ಏನು ಉಳಿದಿದೆ ಎಂದು ನೋಡುವಷ್ಟರಲ್ಲಿ ಟ್ರ್ಯಾಕ್ಟರು ಬಂದು ನಿಂತಿರುತ್ತದೆ.